ಲೈಸೆನ್ಸ್ ಮಾಡಿಸಿದ ಮನೆ ಈಗ ಮ್ಯೂಸಿಯಂ

ಮಂಗಳೂರು ಕಡೆಯ ಸ್ನೇಹಿತರು ವ್ಲಾಗ್ ಮಾಡಿದರೆ ಹಳೇ ದೀಪಸ್ತಂಭ ಇರುತ್ತದೆ, ಹಿಂದೆ ಕಡಲಿರುತ್ತದೆ. ಕೊಡಗಿಗೆ ಕಡಲು ಎಲ್ಲಿಂದ ತರೋಣ? ಮಂಜಿದೆ, ಮಳೆಯಿದೆ. ಇವತ್ತು ನನ್ನ ಹಿಂದೆ ಒಂದು ಟ್ಯಾಂಕ್ ಇದೆ.

ಇದು ಮಡಿಕೇರಿಯ ‘ಸನ್ನಿಸೈಡ್’, ಜನರಲ್ ತಿಮ್ಮಯ್ಯನವರ ಮನೆ. ನನಗೆ ಮಾತ್ರ ತುಂಬಾ ವರ್ಷ ಇದು ಬರೀ ಆರ್‌ಟಿಒ ಆಫೀಸ್. ಹೌದು, ಆರ್‌ಟಿಒ ಇದ್ದದ್ದು ಇದೇ ಮನೆಯಲ್ಲಿ. ಎಲ್‌ಎಲ್‌ಆರ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸ್, ಮಾಡಿಸೋಕೆ ಚಿಕ್ಕಪ್ಪನ ಜೊತೆ ಬಂದಿದ್ದೆ. ಒದ್ದೆ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಸಾಲಲ್ಲಿ ನಿಂತಿದ್ದೆ. ಅದರ ನೀರು ಫಾರಂ ಮೇಲೆ ತೊಟ್ಟಿಕ್ಕಿ ನನ್ನ ಹೆಸರೇ ಕಲಸಿಹೋಯಿತು. ನಿಂತಿರುವುದು ಯಾರ ಮನೆಯಲ್ಲಿ ಅನ್ನೋದು ಆಗ ತಲೆಗೇ ಬರಲಿಲ್ಲ.

2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಈ ಮ್ಯೂಸಿಯಂ ಉದ್ಘಾಟಿಸಿದರು.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯ 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದರು. ಇಷ್ಟು ಎಲ್ಲರಿಗೂ ಗೊತ್ತು ಬಿಡಿ. ನನಗೆ ಇಷ್ಟವಾಗೋದು ಜೋಜಿಲಾ ಕಥೆ.

1948. ಲಡಾಖ್‌ಗೆ ಹೋಗುವ ಘಾಟಿ ಅದು, 11,500 ಅಡಿಗೂ ಮೇಲೆ. ಎತ್ತರದಲ್ಲಿ ಪಾಕಿಸ್ತಾನದ ಕಡೆಯ ಶತ್ರುಗಳು ಕೂತಿದ್ದಾರೆ. ಕಾಲಾಳುಗಳು ನುಗ್ಗಿದರೂ ದಾರಿ ಬಿಡಲಿಲ್ಲ. ಕೊನೆಗೆ ಸ್ಟುವರ್ಟ್ ಟ್ಯಾಂಕ್‌ಗಳನ್ನು ತರಿಸಿದರು. ಗುಟ್ಟು ಬಯಲಾಗಬಾರದು ಅಂತ ಅವುಗಳ ತಲೆ, ಅಂದರೆ ಫಿರಂಗಿ ಇರುವ ಮೇಲ್ಭಾಗ, ಕಳಚಿ ಬೇರೆಯಾಗಿ ಸಾಗಿಸಿದರು. ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರು ಹೇಸರಗತ್ತೆ ಹೋಗುವಂಥ ದಾರಿಯನ್ನು ಅಗಲ ಮಾಡಿಕೊಟ್ಟರು. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕ್‌ಗಳು ಹತ್ತಿದವು. ಮುಂದಿನ ಟ್ಯಾಂಕ್‌ನಲ್ಲಿ ಸ್ವತಃ ತಿಮ್ಮಯ್ಯ! ಮೇಜರ್ ಜನರಲ್ ಅವರು. ಹಿಂದೆ ಕೂತು ಸುಮ್ನೆ ನಕ್ಷೆ ನೋಡಬಹುದಿತ್ತು, ಅಲ್ವಾ?

ನಿವೃತ್ತಿಯಾಗಿ ಊರಿಗೆ ಬಂದರೂ ಜಾಸ್ತಿ ದಿನ ನೆಮ್ಮದಿಯಾಗಿ ಕೂರಲು ಆಗಲಿಲ್ಲ. 1964ರಲ್ಲಿ ಸೈಪ್ರಸ್‌ನ ಶಾಂತಿಪಡೆ ನಡೆಸಲು ವಿಶ್ವಸಂಸ್ಥೆ ಕರೆಯಿತು. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಮರುವರ್ಷ ಆ ಪುಟ್ಟ ದ್ವೀಪ ಅವರ ನೆನಪಿಗೆ ಅಂಚೆಚೀಟಿ ತಂದಿತು. ನಾವು ಅವರ ಮನೆಯಲ್ಲಿ ಲೈಸೆನ್ಸ್‌ಗೆ ಸಾಲು ನಿಂತಿದ್ದೆವು.

ಇವತ್ತೂ ಚಿಕ್ಕಪ್ಪನೇ ಜೊತೆಗೆ ಬಂದಿದ್ದಾರೆ. ಅಂಗಳದ ಟ್ಯಾಂಕ್‌ಗೆ ಒಂದು ಸುತ್ತು ಹಾಕಿ, ಅದರ ಚೈನನ್ನು ಕೊಡೆಯ ತುದಿಯಿಂದ ಮೆಲ್ಲಗೆ ತಟ್ಟಿ ಕೇಳಿದರು: “ಇದಕ್ಕೂ ಎಲ್‌ಎಲ್‌ಆರ್ ಬೇಕೇನೋ?”