ನಂದಿಯ ಬುಡದ ಶಾಲೆಯಲ್ಲಿ ಈ ವರ್ಷ ಮಕ್ಕಳು ಮಾಡಿದ್ದು

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಬಂಧುಗಳೇ, ಬೆಂಗಳೂರಿನಿಂದಲೂ ಚಿಕ್ಕಬಳ್ಳಾಪುರದ ಸುತ್ತಲ ಹಳ್ಳಿಗಳಿಂದಲೂ ಬಂದು ಸೇರಿರುವ ಪೋಷಕರೇ, ಪ್ರೀತಿಯ ಮಕ್ಕಳೇ,

ಈ ವರ್ಷದ ವಿದ್ಯಾರ್ಥಿ ಚಟುವಟಿಕೆಗಳನ್ನೂ ಸಾಧನೆಗಳನ್ನೂ ಕುರಿತು ಒಂದು ಉಪನ್ಯಾಸ ಮಾಡಬೇಕೆಂದು ಶಾಲೆಯವರು ಕೇಳಿದಾಗ, ಮಕ್ಕಳ ಪ್ರಯೋಗದ ನೋಟ್‌ಬುಕ್‌ಗಳನ್ನು ಮೊದಲು ನನಗೆ ಓದಲು ಕೊಡಬೇಕೆಂದು ಬೇಡಿಕೊಂಡೆ. ಬಹುಮಾನಗಳ ಪಟ್ಟಿ ಒಂದೇ ಹಾಳೆಯಲ್ಲಿತ್ತು, ನೋಟ್‌ಬುಕ್‌ಗಳು ಎರಡು ಚೀಲದ ತುಂಬ ಇದ್ದವು. ಶಿಡ್ಲಘಟ್ಟ, ಗೌರಿಬಿದನೂರು ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ, ಮಕ್ಕಳ ಕೈಬರಹದಲ್ಲಿ ಹೊಡೆದುಹಾಕಿದ ಸಾಲುಗಳನ್ನು ಓದುವುದೆಂದರೆ ಇಂದಿಗೂ ಆಸೆ. ಮೂರು ವಾರ ಅದನ್ನೇ ಓದಿದೆ.

ಒಂದು ಹಾಳೆಯ ಪಟ್ಟಿಯನ್ನು ಮೊದಲು ಹೇಳಿಬಿಡುತ್ತೇನೆ. ಓಟದಲ್ಲಿ, ಎತ್ತರ ಜಿಗಿತದಲ್ಲಿ, ಥ್ರೋಬಾಲ್‌ನಲ್ಲಿ ನಮ್ಮ ಮಕ್ಕಳು ಜಿಲ್ಲಾ ಮಟ್ಟದಲ್ಲಿ ಗೆದ್ದಿದ್ದಾರೆ. ಗಣಿತ ಒಲಿಂಪಿಯಾಡ್‌ನ ಮೊದಲ ಹಂತವನ್ನು, ಎಂದರೆ ಮೂರು ಗಂಟೆಯಲ್ಲಿ 30 ಪ್ರಶ್ನೆಗಳನ್ನು ಬಿಡಿಸಬೇಕಾದ ಪರೀಕ್ಷೆಯನ್ನು, ಹನ್ನೊಂದನೆಯ ತರಗತಿಯ ಹುಡುಗಿಯೊಬ್ಬಳು ದಾಟಿ ಪ್ರಾದೇಶಿಕ ಹಂತಕ್ಕೆ ಅರ್ಹಳಾಗಿದ್ದಾಳೆ. 1959ರಲ್ಲಿ ರೊಮೇನಿಯಾದಲ್ಲಿ ಆರಂಭವಾಗಿ, 1989ರಿಂದ ಭಾರತವೂ ಭಾಗವಹಿಸುತ್ತಿರುವ ಅಂತರರಾಷ್ಟ್ರೀಯ ಸ್ಪರ್ಧೆಗೆ ಏರುವ ಮೆಟ್ಟಿಲುಗಳಲ್ಲಿ ಇದು ಒಂದು. ಆಕೆ ಇನ್ನೂ ಮೇಲೇರಲಿ ಎಂದು ಮನಸಾರೆ ಹಾರೈಸುತ್ತೇನೆ. ಗೆದ್ದವರಿಗೆಲ್ಲ ಇದೇ ವೇದಿಕೆಯ ಮೇಲೆ ಸನ್ಮಾನ ನಡೆಯಲಿರುವುದರಿಂದ ಈ ಪಟ್ಟಿಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ನಾನು ಹೇಳಬೇಕೆಂದುಕೊಂಡು ಬಂದಿರುವುದು ಪಟ್ಟಿಗೆ ಸೇರದೆ ಉಳಿದ ಕೆಲಸಗಳನ್ನು.

ನೀವು ಅನುಸರಿಸುತ್ತಿರುವ ಡಿಪ್ಲೊಮಾ ಪಠ್ಯಕ್ರಮವನ್ನು ನಡೆಸುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯಟ್ (ಐಬಿ) ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಹುಟ್ಟಿತು. ಆ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯು ತಾನೇ ಆರಿಸಿಕೊಂಡ ವಿಷಯದ ಮೇಲೆ ನಾಲ್ಕು ಸಾವಿರ ಪದಗಳ ಮಿತಿಯಲ್ಲಿ ಒಂದು ದೀರ್ಘ ಪ್ರಬಂಧವನ್ನು ಬರೆಯಬೇಕು. ಅದರ ಜೊತೆಗೆ ಸೃಜನಶೀಲತೆ, ಚಟುವಟಿಕೆ, ಸೇವೆ ಎಂಬ ಮೂರರಲ್ಲಿ ತೊಡಗಿಕೊಳ್ಳದೆ ಡಿಪ್ಲೊಮಾ ದೊರೆಯುವುದಿಲ್ಲ. ಈ ಮೂರನೆಯ ಮಾತಿನ ಬಗ್ಗೆ ನನಗೆ ಬಹುಕಾಲದಿಂದ ಅಳುಕಿತ್ತು. ಸೇವೆಯೆಂದರೆ ಹಳ್ಳಿಯ ಶಾಲೆಗೆ ಒಂದು ದಿನ ಹೋಗಿ, ನೋಟ್‌ಬುಕ್ಕು ಪೆನ್ಸಿಲ್ಲು ಹಂಚಿ, ಫೋಟೊ ತೆಗೆಸಿಕೊಂಡು ಬರುವುದು ಎಂದು ಅರ್ಥಮಾಡಿಕೊಂಡವರನ್ನು ನಾನು ಶಿಕ್ಷಕನಾಗಿದ್ದಾಗ ಕಂಡಿದ್ದೇನೆ. ಕೊಟ್ಟವರ ಹೆಸರು ನಮ್ಮ ಮಕ್ಕಳಿಗೆ ತಿಳಿಯುತ್ತಿರಲಿಲ್ಲ, ತೆಗೆದುಕೊಂಡವರ ಹೆಸರನ್ನು ಅವರೂ ಕೇಳುತ್ತಿರಲಿಲ್ಲ. ಈ ವರ್ಷದ ನೋಟ್‌ಬುಕ್‌ಗಳನ್ನು ಓದುತ್ತಾ ಹೋದಂತೆ ನನ್ನ ಆ ಅಳುಕು ಬಹುಮಟ್ಟಿಗೆ ಕರಗಿತು. ಅದಕ್ಕೆ ಕಾರಣ ಒಂದು ಹುಳುಮನೆ.

ರೇಷ್ಮೆ ಈ ಸೀಮೆಯ ಜೀವನಾಡಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಬೆಳಿಗ್ಗೆ ಒಮ್ಮೆ ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ರೇಷ್ಮೆಹುಳು ಮೊಟ್ಟೆಯೊಡೆದು ಬಂದಂದಿನಿಂದ ಗೂಡು ಕಟ್ಟುವ ತನಕ, ಸುಮಾರು ನಾಲ್ಕು ವಾರಗಳಲ್ಲಿ, ನಾಲ್ಕು ಬಾರಿ ಸೊಪ್ಪು ಬಿಟ್ಟು ತಲೆಯೆತ್ತಿ ಅಲುಗಾಡದೆ ಕೂತು ಚರ್ಮ ಕಳಚುತ್ತದೆ. ಇದನ್ನು ನಮ್ಮ ರೈತರು ಜ್ವರ ಎನ್ನುತ್ತಾರೆ. ಚಾಕಿ ಹುಳುವಿಗೆ, ಎಂದರೆ ಮೊದಲ ಹಂತಗಳ ಎಳೆಯ ಹುಳುವಿಗೆ, 27-28 ಡಿಗ್ರಿ ಶಾಖ ಬೇಕು, ಗಾಳಿಯಲ್ಲಿ ತೇವವೂ ಹೆಚ್ಚಿರಬೇಕು. ನಾಲ್ಕನೆಯ ಜ್ವರ ಎದ್ದ ದೊಡ್ಡ ಹುಳುವಿಗೆ 24-25 ಡಿಗ್ರಿ ಸಾಕು, ತೇವ ಶೇಕಡ 70ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಈ ಕೊನೆಯ ಹಂತದಲ್ಲೇ ತಿನ್ನುವುದರಿಂದ, ರೈತನ ದುಡ್ಡೂ ದುಡಿಮೆಯೂ ಅಲ್ಲಿಗೆ ಬಹುತೇಕ ಸುರಿದಾಗಿರುತ್ತದೆ. ಆಗ ಚಳಿಯ ಜೊತೆಗೆ ತೇವವೂ ಏರಿ ಸುಣ್ಣಕಟ್ಟು ರೋಗ ಬಿದ್ದರೆ, ಹುಳುಗಳು ಸುಣ್ಣದ ಕಡ್ಡಿಯ ಹಾಗೆ ಬಿಳಿಚಿ ಗಟ್ಟಿಯಾಗಿ, ಇಡೀ ಬೆಳೆ ಕೈಬಿಡುತ್ತದೆ.

ಹನ್ನೊಂದನೆಯ ತರಗತಿಯ ಐವರು ಮಕ್ಕಳು ಹುಳುಮನೆಯ ಶಾಖ ಮತ್ತು ತೇವವನ್ನು ಅಳೆದು, ಮಿತಿ ಮೀರಿದಾಗ ಸದ್ದು ಮಾಡಿ ಎಚ್ಚರಿಸುವ ಒಂದು ಪುಟ್ಟ ಉಪಕರಣ ಮಾಡಿದರು. ಸೆನ್ಸರು, ಸರ್ಕೀಟು, ಬಜ಼ರು ಎಲ್ಲವೂ ಅಂಗಡಿಯಲ್ಲಿ ದೊರೆಯುವಂಥವೇ, ಆ ಭಾಗದಲ್ಲಿ ಹೊಸತೇನೂ ಇಲ್ಲ. ಶಾಲೆಯಿಂದ ಎರಡು ಮೈಲಿ ದೂರದ ಹಳ್ಳಿಯಲ್ಲಿ ಹುಳು ಸಾಕುವ ತಾಯಿಯೊಬ್ಬರ ಮನೆಯಲ್ಲಿ ಅದನ್ನು ತೂಗುಹಾಕಿ ಬಂದರು. ಮೊದಲ ವಾರದ ದಾಖಲೆಯಲ್ಲಿ ಮಧ್ಯಾಹ್ನದ ಶಾಖ 34 ಡಿಗ್ರಿ ಎಂದು ಬರೆದಿದೆ. ಅಷ್ಟು ಬಿಸಿಯಲ್ಲಿ ಸೊರಗಬೇಕಾಗಿದ್ದ ಹುಳುಗಳು ಚೆನ್ನಾಗಿಯೇ ಸೊಪ್ಪು ತಿನ್ನುತ್ತಿವೆ, ಉಪಕರಣ ಮಾತ್ರ ಹಗಲೆಲ್ಲ ಕೂಗುತ್ತಿದೆ. ಮಕ್ಕಳು ಪ್ರೋಗ್ರಾಮನ್ನು ತಿದ್ದಿದರು, ಸೆನ್ಸರನ್ನು ಬದಲಾಯಿಸಿದರು, ಆದರೂ ಅದೇ ಫಲಿತಾಂಶ. ನಾಲ್ಕನೆಯ ಭೇಟಿಯ ಪುಟದಲ್ಲಿ ಆ ತಾಯಿ ಆಡಿದ ಮಾತನ್ನು ಒಬ್ಬ ಹುಡುಗ ಇದ್ದಂತೆಯೇ ಬರೆದುಕೊಂಡಿದ್ದಾನೆ: "ಹುಳ ಇರೋದು ಇಲ್ಲಿ ತಟ್ಟೇಲಿ, ನೀವು ಅಳೀತಿರೋದು ಸೂರಿನ ಬಿಸೀನಲ್ವಾ ಮಕ್ಕಳೇ?"

ಶೀಟಿನ ಮಾಡಿನ ಕೆಳಗೆ, ಆಳೆತ್ತರಕ್ಕೂ ಮೇಲೆ ನೇತಾಡುತ್ತಿದ್ದ ಸೆನ್ಸರನ್ನು ಅಂದೇ ತಟ್ಟೆಯ ಮಟ್ಟಕ್ಕೆ ಇಳಿಸಿದರು. ಅಂಕಿಗಳು ಸರಿಹೋದವು. ಆದರೆ ಅಲ್ಲಿ ಇನ್ನೊಂದು ತೊಡಕು ಕಾದಿತ್ತು. ಹುಳುಗಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಆ ಪುಡಿ ಸೆನ್ಸರಿಗೆ ಮೆತ್ತಿಕೊಂಡು, ತೇವದ ಅಳತೆ ದಿನದಿಂದ ದಿನಕ್ಕೆ ತಪ್ಪತೊಡಗಿತು. ತೆಳು ಬಟ್ಟೆ ಕಟ್ಟಿ ನೋಡಿದರು, ಬಟ್ಟೆಯೇ ತೇವ ಹಿಡಿಯಿತು. ಕೊನೆಗೆ, ಸುಣ್ಣ ಹಾಕುವ ದಿನಗಳಲ್ಲಿ ಉಪಕರಣವನ್ನು ತೆಗೆದಿಟ್ಟು, ಹುಳು ಜ್ವರದಿಂದ ಎದ್ದ ಮೇಲೆ ಮತ್ತೆ ಇಡಬೇಕೆಂದು ಆ ತಾಯಿಯೇ ಗೊತ್ತುಮಾಡಿದರು. ಇದು ಯಂತ್ರದ ಪರಿಹಾರವಲ್ಲ, ಹುಳುವಿನ ನಡೆಯನ್ನು ಬಲ್ಲವರ ಪರಿಹಾರ. ಮಕ್ಕಳು ಅದನ್ನು ತಮ್ಮ ಸೋಲೆಂದು ಬರೆಯದೆ ವಿಧಾನದ ಒಂದು ಭಾಗವೆಂದು ಬರೆದಿದ್ದಾರೆ. ಆ ಪುಟವನ್ನು ಓದಿದಾಗ ಈ ಮಕ್ಕಳಿಗೆ ವಿಜ್ಞಾನ ದಕ್ಕಿದೆ ಎಂದು ನನಗೆ ನೆಮ್ಮದಿಯಾಯಿತು.

ನಾನು ಈ ವರ್ಷದ ದೊಡ್ಡ ಸಾಧನೆಯೆಂದು ಎಣಿಸುವುದು ಮಾತ್ರ ಇದಾದ ಮೇಲೆ ನಡೆದದ್ದನ್ನು. ವರದಿ ಇಂಗ್ಲಿಷಿನಲ್ಲಿ ಸಿದ್ಧವಾಗಿತ್ತು, ಅಂಕವೂ ಬಂದಿತ್ತು, ನಿಯಮದ ಪ್ರಕಾರ ಕೆಲಸ ಮುಗಿದಿತ್ತು. ಆಗ ಆ ತಾಯಿ, ನಮ್ಮ ಮನೆಯ ವಿಷಯ ಏನೇನು ಬರೆದಿದ್ದೀರಿ, ಓದಿ ಹೇಳಿ ಎಂದು ಕೇಳಿದರು. ಐವರಲ್ಲಿ ನಾಲ್ವರಿಗೆ ಬಾಯಿಂದ ಮಾತು ಹೊರಡಲಿಲ್ಲವಂತೆ. ಕರ್ನಾಟಕದ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಕಲಿಸಬೇಕೆಂಬ ಕಾನೂನು 2015ರಲ್ಲಿ ಬಂದಿದೆ, ಈ ಶಾಲೆಯಲ್ಲೂ ಕನ್ನಡದ ತರಗತಿ ನಡೆಯುತ್ತದೆ. ಆದರೆ ಪದ್ಯ ಬಾಯಿಪಾಠ ಮಾಡುವುದೇ ಬೇರೆ, ತೇವಾಂಶ ಶೇಕಡ 88ಕ್ಕೆ ಏರಿದ ರಾತ್ರಿ ಕಿಟಕಿಯನ್ನು ಏಕೆ ತೆರೆಯಬೇಕಿತ್ತು ಎಂಬುದನ್ನು ಕನ್ನಡದಲ್ಲಿ ಒಬ್ಬ ರೈತಮಹಿಳೆಗೆ ಬಿಡಿಸಿ ಹೇಳುವುದೇ ಬೇರೆ. ಮಕ್ಕಳು ತಮ್ಮ ಕನ್ನಡ ಅಧ್ಯಾಪಕಿಯನ್ನು ಜೊತೆಗೆ ಕೂರಿಸಿಕೊಂಡು ಒಂದು ತಿಂಗಳು ದುಡಿದು ಹನ್ನೆರಡು ಪುಟದ ಕನ್ನಡ ವರದಿಯನ್ನು ಬರೆದರು. ಮೋಲ್ಟ್ ಎಂಬಲ್ಲಿ ಜ್ವರ ಎಂದೂ, ಹುಳು ಗೂಡು ಕಟ್ಟುವ ತಟ್ಟಿಗೆ ಮೌಂಟೇಜ್ ಎಂಬಲ್ಲಿ ಚಂದ್ರಿಕೆ ಎಂದೂ, ಮಸ್ಕಾರ್ಡೈನ್ ಎಂಬಲ್ಲಿ ಸುಣ್ಣಕಟ್ಟು ಎಂದೂ ಬಂತು. ಯಾವ ಪದವನ್ನೂ ನಿಘಂಟಿನಿಂದ ಹೆಕ್ಕಿ ತರಬೇಕಾಗಲಿಲ್ಲ, ಎಲ್ಲವೂ ಆ ಹಳ್ಳಿಯಲ್ಲೇ ಇದ್ದವು. ಹಳ್ಳಿಯ ಅರಳಿಕಟ್ಟೆಯ ಬಳಿ ಅದನ್ನು ಗಟ್ಟಿಯಾಗಿ ಓದಿದ ಸಂಜೆ, ಮನೆಯಲ್ಲಿ ತೆಲುಗಾಡುವ ಹಿರಿಯರಿಗಾಗಿ ಒಬ್ಬ ಹುಡುಗಿ ನಡುನಡುವೆ ತೆಲುಗಿನಲ್ಲೂ ಹೇಳಿದಳು. ಈ ಜಿಲ್ಲೆಯ ನಾಲಿಗೆ ಎರಡು ಭಾಷೆಯದೆಂದು ಬಲ್ಲ ನನಗೆ ಅದನ್ನು ಓದಿ ಕಣ್ಣು ತುಂಬಿತು.

ಇನ್ನೊಂದು ಗುಂಪಿನ ಕೆಲಸವನ್ನು ಹೇಳುತ್ತೇನೆ. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ ಗೌರಿಬಿದನೂರಿನ ಬಳಿ ಕಟ್ಟಿದ ರೇಡಿಯೊ ದೂರದರ್ಶಕ 1970ರ ದಶಕದಿಂದ ಅಲ್ಲಿದೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳನ್ನು ನೆಲದ ಮೇಲೆ ಹರಡಿ, 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಆಕಾಶವನ್ನು ಆಲಿಸಲು ಅದನ್ನು ರೂಪಿಸಿದರು. ನಾನು ಆ ತಾಲ್ಲೂಕಿನಲ್ಲಿದ್ದಾಗ ನನ್ನ ವಿದ್ಯಾರ್ಥಿಗಳನ್ನು ನಡೆಸಿಕೊಂಡು ಹೋಗಿ ತೋರಿಸಿದ್ದೆ. ನಮ್ಮಲ್ಲಿ ಉಪಕರಣವಿರಲಿಲ್ಲವಾದ್ದರಿಂದ ನೋಡಿ ಬಂದದ್ದಷ್ಟೇ ಆಯಿತು. ಈ ಶಾಲೆಯ ಮಕ್ಕಳು ನೋಡಿ ಬಂದು ಲೆಕ್ಕ ಹಾಕಿದರು: ಆ ಕಂಪನಾಂಕದ ಅಲೆಯ ಉದ್ದ ಸುಮಾರು 8.7 ಮೀಟರ್, ಅದರ ಅರ್ಧದಷ್ಟು ತಂತಿಯಿದ್ದರೆ ಒಂದು ಆಂಟೆನಾ ಆಗುತ್ತದೆ. ಎರಡು ಬಿದಿರಿನ ಗಳು ನೆಟ್ಟು, ನಡುವೆ ತಾಮ್ರದ ತಂತಿ ಕಟ್ಟಿ, ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ರಿಸೀವರ್ ಒಂದನ್ನು ಜೋಡಿಸಿದರು.

ಕೇಳಿಸಿದ್ದು ಬರೀ ಗೊರಗೊರ ಸದ್ದು. ಅದರಲ್ಲೂ ರಾತ್ರಿ ಒಂದು ಹೊತ್ತಿಗೆ ಸದ್ದು ಇದ್ದಕ್ಕಿದ್ದಂತೆ ಏರುತ್ತಿತ್ತು. ನಕ್ಷತ್ರಲೋಕದ ಸದ್ದು ಸಿಕ್ಕಿತೆಂದು ಹಿಗ್ಗಿದ ಮಕ್ಕಳಿಗೆ, ಪಕ್ಕದ ತೋಟದವರೊಬ್ಬರು ತ್ರೀಫೇಸ್ ಕರೆಂಟು ಬರುವ ಹೊತ್ತು ಅದು, ಸುತ್ತಲಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ ಎಂದು ತಿಳಿಸಿದರು. ಮಕ್ಕಳು ಕುಗ್ಗಲಿಲ್ಲ. ಕರೆಂಟು ಬಂದು ಹೋಗುವ ಹೊತ್ತನ್ನು ಬರೆದಿಟ್ಟುಕೊಂಡು, ಆ ಗಂಟೆಗಳನ್ನು ಬಿಟ್ಟು ಉಳಿದ ದಾಖಲೆಯನ್ನು ಪೇರಿಸಿದರು. ಮೋಟಾರು ನಡೆಯುವುದು ಗಡಿಯಾರದ ಹೊತ್ತಿಗೆ. ಆಕಾಶಗಂಗೆಯ ಸದ್ದಾದರೋ ನಕ್ಷತ್ರಗಳ ಹೊತ್ತಿಗೆ ಬದ್ಧ, ಎಂದರೆ ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಏರಬೇಕು, ತಿಂಗಳಿಗೆ ಅದು ಎರಡು ಗಂಟೆಯಾಗಬೇಕು. 1930ರ ದಶಕದ ಆರಂಭದಲ್ಲಿ ಅಮೆರಿಕದ ಎಂಜಿನಿಯರ್ ಕಾರ್ಲ್ ಜಾನ್ಸ್ಕಿ, ದೂರವಾಣಿ ಸಂಪರ್ಕಕ್ಕೆ ತೊಡಕಾಗುವ ಗದ್ದಲದ ಮೂಲವನ್ನು ಹುಡುಕುತ್ತಾ, ಅದು ಆಕಾಶಗಂಗೆಯಿಂದ ಬರುತ್ತಿದೆ ಎಂದು ಕಂಡುಕೊಂಡದ್ದು ಇದೇ ನಾಲ್ಕು ನಿಮಿಷದ ಜಾಡು ಹಿಡಿದು. ನಮ್ಮ ಮಕ್ಕಳ ನಕ್ಷೆಯಲ್ಲಿ ತಿಂಗಳ ಅಂತರದ ಎರಡು ಉಬ್ಬುಗಳ ನಡುವೆ ಹೆಚ್ಚುಕಡಿಮೆ ಎರಡು ಗಂಟೆಯ ಅಂತರ ಕಾಣುತ್ತದೆ. ದಾಖಲೆ ಇನ್ನೂ ಸಾಲದು, ಆದ್ದರಿಂದ ತೀರ್ಮಾನ ಮಾಡುವುದಿಲ್ಲ ಎಂದು ಅವರೇ ಬರೆದಿದ್ದಾರೆ. ಹದಿನಾರು ವರ್ಷದವರ ಕೈಯಲ್ಲಿ ಅಂಥ ಸಂಯಮದ ವಾಕ್ಯವನ್ನು ನಾನು ಹೆಚ್ಚು ಕಂಡಿಲ್ಲ.

ಇತಿಹಾಸದ ಗುಂಪು 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ನಡೆದ ಗೋಲಿಬಾರಿನ ಬಗ್ಗೆ, ಸುತ್ತಲ ಹಳ್ಳಿಗಳ ಹಿರಿಯರು ತಮ್ಮ ತಂದೆತಾಯಿಗಳಿಂದ ಕೇಳಿದ್ದನ್ನು ಧ್ವನಿಮುದ್ರಿಸಿಕೊಂಡಿದೆ. ಆ ಮುದ್ರಣಗಳನ್ನು ಬರಹಕ್ಕಿಳಿಸುವ ಕೆಲಸ ಅರ್ಧಕ್ಕೆ ನಿಂತಿದೆ. ದಯವಿಟ್ಟು ರಜೆಗೆ ಮುನ್ನ ಅದನ್ನು ಮುಗಿಸಿ. ಹೇಳಿದವರಿಗೆ ವಯಸ್ಸಾಗಿದೆ, ಬರೆದುದನ್ನು ಅವರಿಗೆ ಒಮ್ಮೆ ಓದಿ ಒಪ್ಪಿಗೆ ಪಡೆಯಬೇಕು.

ಈಗ ಆಡಳಿತ ಮಂಡಳಿಯವರ ಮುಂದೆ ಒಂದು ಬೇಡಿಕೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಹುಡುಗನೊಬ್ಬ ಮುಂದೆ ಭೌತವಿಜ್ಞಾನಿಯಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯನವರಾದರು. ಓದು ಬೇಕೆಂದರೆ ನಮ್ಮ ಮಕ್ಕಳು ಬೆಂಗಳೂರಿನ ಕಡೆಗೆ ನಡೆಯಬೇಕಾಗಿದ್ದ ಕಾಲ ಅದು. ಇಂದು ಬೆಂಗಳೂರಿನ ಮಕ್ಕಳನ್ನು ಹೊತ್ತ ಬಸ್ಸುಗಳು ದಿನವೂ ಬೆಳಿಗ್ಗೆ ನಂದಿಯ ಬುಡಕ್ಕೆ ಬರುತ್ತವೆ. ಆದರೆ ನಿಮ್ಮ ಕಾಂಪೌಂಡಿನಿಂದ ಕೂಗಳತೆಯಲ್ಲಿರುವ ಸರ್ಕಾರಿ ಪ್ರೌಢಶಾಲೆಯ ಮಕ್ಕಳು ಈ ಪ್ರಯೋಗಾಲಯದ ಒಳಗನ್ನು ಕಂಡಿಲ್ಲ. ಹುಳುಮನೆಯ ಕೆಲಸದಲ್ಲಿ ಆ ಶಾಲೆಯ ಇಬ್ಬರು ಹುಡುಗಿಯರು ಮೊದಲಿನಿಂದಲೂ ಜೊತೆಗಿದ್ದರೆಂದು ನೋಟ್‌ಬುಕ್ಕಿನಲ್ಲಿದೆ. ಚಾಕಿ ಹುಳು ಯಾವುದು, ಗೂಡು ಕಟ್ಟಲು ಹಣ್ಣಾದ ಹುಳು ಯಾವುದು ಎಂದು ನಿಮ್ಮವರಿಗೆ ತೋರಿಸಿಕೊಟ್ಟವರು ಅವರೇ. ವರದಿಯ ಮೊದಲ ಪುಟದಲ್ಲಿ ಐದು ಹೆಸರುಗಳಿವೆ. ಅಲ್ಲಿ ಏಳು ಇರಬೇಕು. ವಾರದಲ್ಲಿ ಒಂದು ಮಧ್ಯಾಹ್ನ, ಶನಿವಾರವಾದರೂ ಸರಿ, ಪ್ರಯೋಗಾಲಯದ ಬಾಗಿಲನ್ನು ಆ ಮಕ್ಕಳಿಗೂ ತೆರೆದಿಡಿ. ಬಿಡುವಿರುವ ಮುದುಕ ನಾನು, ಆ ಮಧ್ಯಾಹ್ನಗಳಲ್ಲಿ ಬಂದು ಕೂರಲು ಸಂತೋಷವಾಗಿ ಸಿದ್ಧನಿದ್ದೇನೆ.

ಪಕ್ಕದ ಕೊಠಡಿಯಲ್ಲಿ ಮಕ್ಕಳು ತಮ್ಮ ಕೆಲಸಗಳನ್ನೆಲ್ಲ ಜೋಡಿಸಿಟ್ಟಿದ್ದಾರೆ. ಸುಣ್ಣ ಮೆತ್ತಿ ಕೆಟ್ಟುಹೋದ ಸೆನ್ಸರನ್ನೂ ಹೊಸದರ ಪಕ್ಕದಲ್ಲೇ ಇಟ್ಟಿರುವುದು ನನಗೆ ಬಹಳ ಹಿಡಿಸಿತು. ಹುಳು ಸಾಕುವ ಆ ತಾಯಿಯೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ನಾಲ್ಕನೆಯ ಜ್ವರ ಎದ್ದ ಹುಳುಗಳಿಗೆ ಸಂಜೆಯ ಸೊಪ್ಪು ಹಾಕಲು ಐದು ಗಂಟೆಗೆ ಹೊರಡಬೇಕೆಂದು ಅವರು ಬರುವಾಗಲೇ ಹೇಳಿದ್ದಾರೆ. ಆದ್ದರಿಂದ ಸನ್ಮಾನಕ್ಕೆ ಮೊದಲು ಎಲ್ಲರೂ ಆ ಕೊಠಡಿಗೆ ಹೋಗಿ, ಉಪಕರಣವನ್ನು ಎಲ್ಲಿ ತೂಗುಹಾಕಬೇಕೆಂಬುದನ್ನು ಅವರ ಬಾಯಿಂದಲೇ ಕೇಳೋಣ.