ಬ್ಯಾಲೆನ್ಸ್ ಪ್ಲಗ್‌ಗೆ ಒಂದು ಬಾಲ

ಕಾಣ್ತಾ ಇದೆಯಾ? ಫೋಕಸ್ ಬರಲಿ, ತಡೀರಿ. ಹಾಂ, ಈ ಬಿಳಿ ಪ್ಲಗ್. ಜೆಎಸ್‌ಟಿ ಎಕ್ಸ್‌ಎಚ್ ಅಂತಾರೆ ಈ ಜಾತಿಗೆ. ನನ್ನ ರಿಮೋಟ್ ಫೋಮ್ ವಿಮಾನದ 3ಎಸ್ ಲಿಪೊ, ಅಂದರೆ ಮೂರು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿಯ ಬ್ಯಾಲೆನ್ಸ್ ಪ್ಲಗ್. ಚಾರ್ಜ್ ಆಗುವಾಗ ಸೆಲ್‌ಗಳೆಲ್ಲ ಸಮ ಇರಲಿ ಅಂತ ಇದು. ಅಗಲ ಸುಮಾರು 12 ಮಿಲಿಮೀಟರ್, ಅಷ್ಟೇ. ಚಾರ್ಜರ್‌ಗೆ ಹಾಕುವುದು ಸುಲಭ. ತೆಗೆಯುವುದೇ ಕಷ್ಟ. ಮುಕ್ಕಾಲು ಭಾಗ ಒಳಗೇ ಹೋಗಿ ಕೂರುತ್ತದೆ, ಉಗುರಿಗೂ ಸಿಗುವುದಿಲ್ಲ. ಕೊನೆಗೆ ಎಲ್ಲರೂ ಮಾಡುವುದು ಒಂದೇ, ವೈರ್ ಹಿಡಿದು ಎಳೆಯುವುದು.

ಎಳೆಯಬೇಡಿ. ಒಳಗೆ ಆ ವೈರ್‌ಗಳ ತುದಿಗೆ ಒಂದು ಸಣ್ಣ ಲೋಹದ ನಾಲಿಗೆ ಇರುತ್ತದೆ, ಅದೊಂದೇ ಅವನ್ನು ಹಿಡಿದಿರುವುದು. ಒಂದು ಕಿತ್ತು ಬಂದು ಪಕ್ಕದ್ದಕ್ಕೆ ತಗುಲಿದರೆ ಸೆಲ್ ಶಾರ್ಟ್. ತುಂಬಿದ 3ಎಸ್ ಅಂದರೆ 12.6 ವೋಲ್ಟ್. ಕಡಿಮೆ ಅನಿಸುತ್ತದೆ ಅಲ್ವಾ? ಆದರೆ ಲಿಪೊ ಒಂದೇ ಏಟಿಗೆ ಎಷ್ಟೊಂದು ಕರೆಂಟ್ ಕೊಡುತ್ತದೆ ಅಂದರೆ, ಆ ತೆಳು ವೈರ್ ಕೈಯಲ್ಲೇ ಸುಡುತ್ತದೆ.

ಪ್ಲಗ್ ಹಿಡಿದು ಎಳೆಯುವುದಕ್ಕೆ ಅದರ ಮೇಲೆ ಕೂರಿಸುವ ರೆಡಿಮೇಡ್ ಕ್ಲಿಪ್ ಸಿಗುತ್ತದೆ. ಅದರ ಕಥೆ ಹೇಳಲೇಬೇಕು. ಐದು ಕ್ಲಿಪ್‌ಗೆ 90 ರೂಪಾಯಿ. ಮನೆಗೆ ತಲುಪಿಸುವುದಕ್ಕೆ 110! ಸಾಮಾನಿಗಿಂತ ಸಾಗಣೆ ದುಬಾರಿ. ಆಯ್ತು ಅಂತ ಅದನ್ನೂ ಕೊಟ್ಟೆ. ಬಂದದ್ದು ಶೂ ಹಿಡಿಸುವಷ್ಟು ದೊಡ್ಡ ಡಬ್ಬ. ಒಳಗೆ ಪೂರ್ತಿ ಗಾಳಿ, ಮೂಲೆಯಲ್ಲಿ ಪುಟ್ಟ ಕವರ್. ತೆಗೆದು ನೋಡಿದರೆ 4ಎಸ್ ಅಳತೆಯವು. ಬಿಲ್‌ನಲ್ಲಿ 3ಎಸ್ ಅಂತಲೇ ಇದೆ, ನೋಡಿ, ಇಲ್ಲಿ. ವಾಪಸ್ ಕಳಿಸಿ ಅಂದರು, ಅದರ ಖರ್ಚು ನಮ್ಮದಂತೆ. ಯಾರಾದರೂ ಕಳಿಸ್ತಾರಾ? ದಂಡ. ಕ್ಲಿಪ್ ಅನ್ನುವುದೇ ದಂಡ.

ಹಾಗಾಗಿ ಪ್ಲಗ್‌ಗೆ ನಾನೇ ಒಂದು ರಿಬ್ಬನ್ ಬಾಲ ಕಟ್ಟೋಣ ಅಂತ ಬೆಂಗಳೂರಿನ ಎಸ್‌ಪಿ ರೋಡ್‌ಗೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಗೆ ಹೋದೆ. ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ, ಅಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಬೇಕಾದ ಸೈಜ್ ಒಂದೇ ತಗೊಳ್ಳಬಹುದು. ಗಾಡಿ ನಿಲ್ಲಿಸುವುದಕ್ಕೆ ಮಾತ್ರ ಜಾಗ ಇಲ್ಲ, ಮೆಟ್ರೊದಲ್ಲಿ ಹೋಗಿ. ಅಲ್ಲಿ ಒಬ್ಬರು ಹಳೇ ಟ್ರಾನ್ಸ್‌ಫಾರ್ಮರ್ ರಾಶಿ ಹಾಕಿಕೊಂಡಿದ್ದರು, ಅದನ್ನು ನೋಡ್ತಾ ನೋಡ್ತಾ... ಅಯ್ಯೋ, ಗ್ಲೂ ಗನ್ ಬಿಸಿಯಾಗಿದೆ.

ವೈರ್‌ಗಳು ಪ್ಲಗ್‌ನಿಂದ ಹೊರಬರುವ ಜಾಗಕ್ಕೆ ಒಂದು ಹನಿ ಹಾಟ್ ಗ್ಲೂ. ಫೆವಿಕ್ವಿಕ್ ಬೇಡ, ನೀರಿನ ಹಾಗೆ ಒಳಗೆ ಹರಿದು ಪಿನ್‌ಗೆ ಮೆತ್ತಿಕೊಳ್ಳುತ್ತದೆ. ಮೊದಲು ಪ್ಲಗ್‌ನ ಹಿಂದಿನ ಅಂಚನ್ನು ಸ್ವಲ್ಪ ಉಜ್ಜಿಕೊಳ್ಳಿ, ನೈಲಾನ್ ಮೇಲೆ ಗ್ಲೂ ಸುಮ್ನೆ ಜಾರುತ್ತದೆ. ಮೇಲೆ ರಿಬ್ಬನ್ ಮಡಚಿ ಇಟ್ಟಿದ್ದೇನೆ, ಲ್ಯಾಪ್‌ಟಾಪ್ ಬ್ಯಾಟರಿಗೆ ಹಿಡಿದು ಎಳೆಯಲು ಇರುತ್ತದಲ್ಲ, ಆ ಪಟ್ಟಿಯ ಹಾಗೆ. ಅದರ ಮೇಲೆ ಹೀಟ್ ಶ್ರಿಂಕ್. ಪ್ಲಗ್‌ನ ಹಿಂದಿನ ಅಂಚು ಮಾತ್ರ ಮುಚ್ಚಬೇಕು. ಮುಂದೆ ಬಂದರೆ ಚಾರ್ಜರ್ ಒಳಗೆ ಹೋಗುವುದೇ ಇಲ್ಲ.

ಈಗ ಹೀಟ್ ಗನ್. ಬ್ಯಾಟರಿಗೆ ರಟ್ಟು ಅಡ್ಡ ಹಿಡಿದಿದ್ದೇನೆ, ಗಮನಿಸಿ. ಲಿಪೊಗೆ ಬಿಸಿ ತಾಗಬಾರದು. ಒಳಗಿನ ಗ್ಲೂ ಮತ್ತೆ ಕರಗಿ ರಿಬ್ಬನ್ನು, ವೈರು ಎಲ್ಲ ಒಂದೇ ಗಟ್ಟಿ ಆಗುತ್ತದೆ. ಎಳೆತ ಒಂದೇ ವೈರ್ ಮೇಲೆ ಬೀಳುವುದಿಲ್ಲ, ನಾಲ್ಕೂ ಹಂಚಿಕೊಳ್ಳುತ್ತವೆ.

ಅಮ್ಮ ಕೆಳಗಿಂದ ಏನು ಸುಡ್ತಿದೀಯ ಅಂತ ಕೇಳ್ತಿದ್ದಾರೆ. ಏನಿಲ್ಲಮ್ಮ!

ನೋಡಲು ಚೆಂದ ಇಲ್ಲ, ಒಪ್ಪುತ್ತೇನೆ. ಆ ಕ್ಲಿಪ್ ಇದಕ್ಕಿಂತ ನೀಟು. ಗೆಳೆಯನ 4ಎಸ್ ಬ್ಯಾಟರಿಗೆ ಹಾಕಿ ನೋಡಿದೆ, ಟಕ್ ಅಂತ ಕೂತಿತು, ಟಕ್ ಅಂತ ಬಂತು. ದಂಡ ಅಂದೆನಲ್ಲ, ಆ ಮಾತು ವಾಪಸ್. ದಂಡ ಆಗಿದ್ದು 110 ರೂಪಾಯಿ. ನಾನೂ 4ಎಸ್ ತಗೊಂಡರೆ ಅದನ್ನೇ ಹಾಕುತ್ತೇನೆ.

ಬ್ಯಾಟರಿಯ ಇನ್ನೊಂದು ದೊಡ್ಡ ಪ್ಲಗ್, ಕರೆಂಟ್ ಹೋಗುವ ಎಕ್ಸ್‌ಟಿ60, ಅದಕ್ಕೆ ಇದೆಲ್ಲ ಬೇಡ, ಮೈಮೇಲೆ ಗೀರು ಇದೆ, ಹಿಡಿತ ಸಿಗುತ್ತದೆ. ಅದರ ಜಾಗದಲ್ಲಿ ಹಳೇ ನುಣ್ಣನೆ ಟಿ-ಪ್ಲಗ್ ಇದ್ದರೆ ಕಿತ್ತು ಬಿಸಾಡಿ, ಎಕ್ಸ್‌ಟಿ60 ಬೆಸುಗೆ ಹಾಕಿ. ರಿಬ್ಬನ್ ಒಂದು ಇಂಚು ಸಾಕು, ಉದ್ದ ಬಿಟ್ಟರೆ ವಿಮಾನದ ಬ್ಯಾಟರಿ ಮುಚ್ಚಳ ಹಾಕುವಾಗ ಹೊರಗೆ ನೇತಾಡಿ ಪ್ರೊಪೆಲ್ಲರ್‌ಗೆ ಸಿಗುತ್ತದೆ. ಇನ್ನೂ ಎರಡು ಬ್ಯಾಟರಿ ಬಾಕಿ ಇವೆ, ಅವನ್ನು ಫಾಸ್ಟ್ ಫಾರ್ವರ್ಡ್‌ನಲ್ಲಿ ನೋಡಿ.