ಜೈಲಿಗೆ ಮೊದಲು ಆಸ್ಪತ್ರೆ: 64ಎ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ಮಕ್ಕಳನ್ನು ಓದೋಕೆ ಅಂತ ಬೆಂಗಳೂರಿನ ಪಿಜಿ, ಹಾಸ್ಟೆಲ್‌ಗಳಲ್ಲಿ ಬಿಟ್ಟು ಊರಲ್ಲಿರುವ ಅಪ್ಪ ಅಮ್ಮಂದಿರು ಕೈಯಲ್ಲಿರುವ ಕೆಲಸ ಸ್ವಲ್ಪ ಬಿಟ್ಟು ಕೇಳಿ. ನಾನು ಕ್ರಿಮಿನಲ್ ಕೇಸು ನಡೆಸುವ ವಕೀಲ. ಇವತ್ತು ಹೇಳೋದು ಒಂದೇ ವಿಷಯ. ಸೇದೋಕೆ ಅಂತ ಒಂದಿಷ್ಟು ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದ ಹುಡುಗನಿಗೆ ನಮ್ಮ ಕಾನೂನಿನಲ್ಲೇ ಜೈಲಿನ ಬದಲು ಆಸ್ಪತ್ರೆಯ ದಾರಿ ಇದೆ. ಅದು ಸೆಕ್ಷನ್ 64ಎ. ಅರವತ್ತನಾಲ್ಕು ಎ. ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಮಾದಕ ವಸ್ತುಗಳಿಗೆ ನಮ್ಮಲ್ಲಿರುವುದು 1985ರ ಎನ್‌ಡಿಪಿಎಸ್ ಕಾಯ್ದೆ. ಬಹಳ ಬಿಗಿ ಕಾಯ್ದೆ, ನಿಜ. ಆದರೆ ಲೋಡುಗಟ್ಟಲೆ ಸಾಗಿಸುವವನನ್ನೂ ಜೇಬಲ್ಲಿ ಪೊಟ್ಟಣ ಇಟ್ಟುಕೊಂಡವನನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗಲ್ಲ. ಗಾಂಜಾ 1 ಕೆಜಿವರೆಗೆ, ಚರಸ್ 100 ಗ್ರಾಂವರೆಗೆ, ಹೆರಾಯಿನ್ 5 ಗ್ರಾಂವರೆಗೆ ಇದ್ದರೆ ಅದು ಅಲ್ಪ ಪ್ರಮಾಣ. ಹಾಗಂತ ಇಟ್ಟುಕೊಳ್ಳಬಹುದು ಅಂತಲ್ಲ ಮತ್ತೆ! 1 ವರ್ಷದವರೆಗೆ ಜೈಲು, 10 ಸಾವಿರದವರೆಗೆ ದಂಡ ಇದೆ. ಆದರೆ ಆ ವ್ಯಕ್ತಿ ಚಟಕ್ಕೆ ಬಿದ್ದವನಾಗಿದ್ದು, ತಾನಾಗಿಯೇ ಚಿಕಿತ್ಸೆಗೆ ಒಪ್ಪಿ, ಸರ್ಕಾರಿ ಆಸ್ಪತ್ರೆಯಲ್ಲೋ ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೋ ಚಿಕಿತ್ಸೆ ಪಡೆದರೆ, ಆ ಕೇಸಿನಿಂದ ಅವನಿಗೆ ರಕ್ಷಣೆ ಸಿಗುತ್ತದೆ. 64ಎ ಹೇಳುವುದು ಇಷ್ಟೇ. ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಓಡಿಹೋದರೆ ಆ ರಕ್ಷಣೆ ಹೋಗಬಹುದು.

ಒಂದು ಕೇಸು ಹೇಳ್ತೀನಿ. ತಿಪಟೂರು ಕಡೆಯ ತೆಂಗಿನ ತೋಟದ ಒಬ್ಬ ರೈತರು. ಮಗ ಇಂಜಿನಿಯರಿಂಗ್ ಓದುತ್ತಿದ್ದ. ರಾತ್ರಿ ಟೀ ಅಂಗಡಿ ಹತ್ತಿರ ಪೊಲೀಸರು ತಪಾಸಣೆ ಮಾಡಿದಾಗ ಬ್ಯಾಗಲ್ಲಿ ಗಾಂಜಾ ಪೊಟ್ಟಣ ಸಿಕ್ಕಿತ್ತು. ನಾನು ಬೇರೆ ಕೇಸಿಗೆ ಹೋಗಿದ್ದೆ. ಕೋರ್ಟಿನ ಮೆಟ್ಟಿಲ ಹತ್ತಿರ ಈ ಯಜಮಾನರು ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಕವರು ಎದೆಗವುಚಿಕೊಂಡು ನಿಂತಿದ್ದರು. ಏನು ಯಜಮಾನ್ರೇ ಅಂದೆ. ಕವರಲ್ಲಿ ಪಹಣಿ ಇತ್ತು. ಜಾಮೀನಿಗೆ ಬೇಕಾಗುತ್ತೆ ಅಂತ ಇದ್ದಬದ್ದ ಸರ್ವೆ ನಂಬರಿನ ಪಹಣಿಗಳನ್ನೆಲ್ಲ ತಂದಿದ್ದರು. "ಅದ್ಯಾಕೋ ಬೇಡ್ವಂತೆ ಸಾರ್. ತಪ್ಪೊಪ್ಕೊಂಡು ದಂಡ ಕಟ್ಟಿದ್ರೆ ಇವತ್ತೇ ಮನೆಗೆ ಹೋಗಬಹುದಂತೆ" ಅಂದರು, ಸ್ವಲ್ಪ ಖುಷಿಯಾಗಿಯೇ.

ನನಗೆ ತಡೆಯಲಾಗಲಿಲ್ಲ. ದಂಡ ಕಟ್ಟಿದರೆ ಮನೆಗೇನೋ ಹೋಗಬಹುದು. ಆದರೆ ಅದು ಶಿಕ್ಷೆ ಆದ ಹಾಗೆಯೇ. ನಾಳೆ ಸರ್ಕಾರಿ ಕೆಲಸದ ಅರ್ಜಿಯಲ್ಲಿ "ಶಿಕ್ಷೆ ಆಗಿದೆಯೇ" ಅಂತ ಒಂದು ಕಾಲಂ ಇರುತ್ತೆ, ಅಲ್ವಾ? ಅಲ್ಲಿ ಹೌದು ಅಂತ ಬರೆಯಬೇಕು. ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ. ಪಿಯುಸಿಯಿಂದ ಸೇದುತ್ತಿದ್ದಾನೆ. ಬೆಳಗ್ಗೆ ಎದ್ದ ಕೂಡಲೇ ಬೇಕು. ಸಿಗದಿದ್ದರೆ ನಿದ್ದೆ ಇಲ್ಲ, ಊಟ ಸೇರಲ್ಲ, ಸುಮ್ಸುಮ್ನೆ ಸಿಟ್ಟು. ಇವನಿಗೆ ಬೇಕಾಗಿದ್ದು ದಂಡದ ರಸೀದಿಯಾ, ಡಾಕ್ಟರಾ? ಅಪ್ಪನನ್ನು ಒಪ್ಪಿಸಿ 64ಎ ಅಡಿ ಅರ್ಜಿ ಹಾಕಿದೆವು. ನ್ಯಾಯಾಧೀಶರು ವೈದ್ಯರ ವರದಿ ಕೇಳಿದರು. ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದಾಯಿತು. ಮೊದಲ ವಾರವೇ ಹುಡುಗ ಅಪ್ಪನಿಗೆ ಫೋನ್ ಮಾಡಿ, ಇದಕ್ಕಿಂತ ಜೈಲೇ ವಾಸಿ ಅಂತ ಅತ್ತನಂತೆ. ಅಪ್ಪ ಜಗ್ಗಲಿಲ್ಲ. ವಾರ್ಡಿನ ಹೊರಗೆ ಬೆಂಚಿನ ಮೇಲೇ ಮಲಗಿದರು. ಚಿಕಿತ್ಸೆ ಮುಗಿಸಿದ ಪತ್ರ ಕೋರ್ಟಿಗೆ ಕೊಟ್ಟ ಮೇಲೆ ಕೇಸು ಮುಗಿಯಿತು. ಆಮೇಲೆ ಯಜಮಾನರು ಕೇಳಿದರು: "ಸಾರ್, ಇದು ಮೊದಲಿಂದಲೂ ಕಾನೂನಲ್ಲಿತ್ತಾ? ಮತ್ತೆ ಯಾಕೆ ಯಾರೂ ಹೇಳಲಿಲ್ಲ?"

ಇತ್ತು ಸ್ವಾಮಿ! ಕೇಳುವವರಿಲ್ಲ, ಅಷ್ಟೇ. ಎಂಎಲ್‌ಎ ಕಡೆಯಿಂದ ಫೋನ್ ಮಾಡಿಸೋಕೆ ಓಡಾಡ್ತೀರಿ, ಯಾರಿಗೆ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕ್ತೀರಿ. ಕಾನೂನು ಪುಕ್ಕಟೆಯಾಗಿ ಕೊಟ್ಟಿರುವ 64ಎ ಮಾತ್ರ ಕೇಳಲ್ಲ.

ಕಥೆ ಹೇಳುತ್ತಾ ಸಮಯ ಹೋಗಿಬಿಟ್ಟಿತು. ಹೊರದೇಶದ್ದು ಬೇಗ ಹೇಳಿಬಿಡ್ತೀನಿ. ಪೋರ್ಚುಗಲ್‌ನಲ್ಲಿ 2001ರಿಂದ, 10 ದಿನದ ಬಳಕೆಯಷ್ಟು ಇಟ್ಟುಕೊಂಡು ಸಿಕ್ಕಿಬಿದ್ದವರನ್ನು ಕ್ರಿಮಿನಲ್ ಕೋರ್ಟಿಗೆ ಕಳಿಸಲ್ಲ. ಮೂವರ ಸಮಿತಿಯ ಮುಂದೆ ಹೋಗಬೇಕು. ಅವರು ಕೂರಿಸಿ ಮಾತಾಡಿ, ಚಟ ಇದ್ದರೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಅಮೆರಿಕದ ಸಿಯಾಟಲ್‌ನಲ್ಲಿ 2011ರಲ್ಲಿ ಶುರುವಾದ 'ಲೀಡ್' ಯೋಜನೆ ಇನ್ನೂ ನೇರ. ಅಲ್ಲಿ ಪೊಲೀಸರೇ, ಕೇಸು ಹಾಕಿಸುವ ಬದಲು, ಒಬ್ಬ ಸಮಾಜ ಕಾರ್ಯಕರ್ತರ ಕೈಗೆ ಒಪ್ಪಿಸುತ್ತಾರೆ. ಮನೆ, ಕೆಲಸ, ಔಷಧಿ, ಎಲ್ಲ ಅವರು ನೋಡುತ್ತಾರೆ. ಹೀಗೆ ಹೋದವರು ಮತ್ತೆ ಅರೆಸ್ಟ್ ಆಗುವುದು ಕಡಿಮೆ ಅಂತ ಅಲ್ಲಿನ ವಿಶ್ವವಿದ್ಯಾಲಯದ ಅಧ್ಯಯನವೇ ಹೇಳಿದೆ. ನಮ್ಮ ಠಾಣೆಗಳಲ್ಲಿ ಅಂಥ ವ್ಯವಸ್ಥೆ ಬರಬೇಕು. ಬರುವವರೆಗೆ ನಮಗೆ ಉಳಿದಿರುವುದು ಕೋರ್ಟಿನಲ್ಲಿ ಅರ್ಜಿ ಹಾಕುವುದು.

ಇನ್ನು ಸೆಕ್ಷನ್ 39 ಅಂತಲೂ ಒಂದಿದೆ. ಶಿಕ್ಷೆಯ ತೀರ್ಪು ಬಂದ ಮೇಲೂ ನ್ಯಾಯಾಧೀಶರು ಚಿಕಿತ್ಸೆಗೆ ಕಳಿಸಬಹುದು. ಅದನ್ನು ಇನ್ನೊಮ್ಮೆ ಮಾತಾಡೋಣ.

ಕೊನೆಗೆ ನಂಬರು ಬರೆದುಕೊಳ್ಳಿ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಆ ವಕೀಲರು ಬಂದ ಕೂಡಲೇ ಮೊದಲ ಮಾತು 64ಎ ಆಗಿರಲಿ. ನಮಸ್ಕಾರ.